ಹಾಲೂ ಬೇಡ, ಗ್ಲುಟೆನ್ನೂ ಬೇಡ: ಪ್ರೋಬಯಾಟಿಕ್ ಆರಿಸುವುದು ಹೇಗೆ?

ಪ್ರಶ್ನೆ: ಸೀಲಿಯಾಕ್ ಕಾಯಿಲೆ (ಗ್ಲುಟೆನ್ ತಿಂದರೆ ಸಣ್ಣಕರುಳು ಕೆಡುವ ಕಾಯಿಲೆ) ಎಂದು ಗೊತ್ತಾದ ಮೇಲೆ ಗೋಧಿ, ಬಾರ್ಲಿ, ರೈಗಳಲ್ಲಿರುವ ಗ್ಲುಟೆನ್ ಎಂಬ ಪ್ರೋಟೀನನ್ನು ಪೂರ್ತಿ ಬಿಟ್ಟಿದ್ದೇನೆ. ಕರುಳು ಚೇತರಿಸಿಕೊಳ್ಳುವವರೆಗೆ ಹಾಲೂ ಬೇಡ ಎಂದಿದ್ದಾರೆ. ಆದರೆ ಪ್ರೋಬಯಾಟಿಕ್ (ಕರುಳಿಗೆ ಒಳ್ಳೆಯದೆಂದು ನುಂಗುವ ಜೀವಂತ ಸೂಕ್ಷ್ಮಾಣು) ಡಬ್ಬಿಗಳ ಮೇಲೆಲ್ಲ ‘ಲ್ಯಾಕ್ಟೋಬ್ಯಾಸಿಲಸ್’ ಎಂದೇ ಇದೆ. ಅಂದರೆ ಎಲ್ಲದರಲ್ಲೂ ಹಾಲು ಇದೆ ಎಂದೇ?

ಉತ್ತರ: ಅಲ್ಲ. ಅದು ಬ್ಯಾಕ್ಟೀರಿಯಾದ ಹೆಸರು. ‘ಲ್ಯಾಕ್ಟೋ’ ಎಂಬುದು ಹಾಲು ಎಂಬ ಅರ್ಥದ ಲ್ಯಾಟಿನ್ ಪದದಿಂದ ಬಂದದ್ದು ನಿಜ, ಆದರೆ ಲ್ಯಾಕ್ಟಿಕ್ ಆಮ್ಲ ತಯಾರಿಸುವ ಈ ಬ್ಯಾಕ್ಟೀರಿಯಾಕ್ಕೆ ಹಾಲೇ ಬೇಕೆಂದಿಲ್ಲ. ಗಿಡಮರಗಳ ಮೇಲೂ ನಮ್ಮ ಕರುಳಲ್ಲೂ ಅದು ಬದುಕುತ್ತದೆ. 2020ರಲ್ಲಿ ಈ ಕುಲವನ್ನು ಒಡೆದು ಹಲವು ಕುಲಗಳನ್ನಾಗಿ ಮಾಡಿದ್ದರಿಂದ ಹೊಸ ಡಬ್ಬಿಗಳಲ್ಲಿ ‘ಲ್ಯಾಕ್ಟಿಕೇಸಿಬ್ಯಾಸಿಲಸ್ ರಾಮ್ನೋಸಸ್’ ಎಂದೂ ಕಾಣಬಹುದು. ನಡುವೆ ‘ಕೇಸಿ’ ಇದೆಯೆಂದು ಹಾಲಿನ ಪ್ರೋಟೀನಾದ ಕೇಸೀನ್ ನೆನೆದು ಬೆಚ್ಚಬೇಡಿ, ಇದು ಹಳೆಯ ಲ್ಯಾಕ್ಟೋಬ್ಯಾಸಿಲಸ್ ರಾಮ್ನೋಸಸ್ಸೇ.

ಹಾಲು ನುಸುಳುವುದು ಬೇರೆ ದಾರಿಗಳಲ್ಲಿ. ಬ್ಯಾಕ್ಟೀರಿಯಾ ಬೆಳೆಸುವ ದ್ರವದಲ್ಲಿ ಹಾಲಿನ ಅಂಶ ಇರಬಹುದು. ಬೆಳೆದದ್ದನ್ನು ಹೆಪ್ಪುಗಟ್ಟಿಸಿ ಒಣಗಿಸುವಾಗ ಜೀವಕೋಶ ಸಾಯದಂತೆ ಕೆನೆ ತೆಗೆದ ಹಾಲಿನ ಪುಡಿ ಬೆರೆಸುವುದುಂಟು (ಸಕ್ಕರೆ ಅಥವಾ ಟ್ರೆಹಲೋಸ್ ಎಂಬ ಇನ್ನೊಂದು ಬಗೆಯ ಸಕ್ಕರೆ ಬಳಸುವವರೂ ಇದ್ದಾರೆ). ಕೊನೆಗೆ ಕ್ಯಾಪ್ಸೂಲಿನ ಖಾಲಿ ಜಾಗ ತುಂಬಲು ಲ್ಯಾಕ್ಟೋಸ್ (ಹಾಲಿನ ಸಕ್ಕರೆ) ಪುಡಿ. ಗ್ಲುಟೆನ್ ಬರುವುದೂ ಹೆಚ್ಚುಕಡಿಮೆ ಹೀಗೆಯೇ: ಬೆಳೆಸುವ ದ್ರವದಲ್ಲಿ ಬಾರ್ಲಿ ಮಾಲ್ಟ್ ಅಥವಾ ಗೋಧಿಯ ಅಂಶ, ತುಂಬುವ ಪುಡಿಯಲ್ಲಿ ಗೋಧಿ ಪಿಷ್ಟ, ಜೊತೆಗೆ ‘ಹಸಿರು ಪುಡಿ’ ಮಿಶ್ರಣಗಳಲ್ಲಿ ಗೋಧಿ ಹುಲ್ಲು, ಬಾರ್ಲಿ ಹುಲ್ಲು. ಪಟ್ಟಿಯಲ್ಲಿ ಸೆಲ್ಯುಲೋಸ್, ಮೆಗ್ನೀಷಿಯಂ ಸ್ಟಿಯರೇಟ್, ಜೆಲಟಿನ್ ಕಂಡರೆ ತಲೆ ಕೆಡಿಸಿಕೊಳ್ಳಬೇಡಿ. ಅವು ಹಾಲೂ ಅಲ್ಲ, ಗ್ಲುಟೆನ್ನೂ ಅಲ್ಲ.

ನಿಮ್ಮ ವಿಷಯದಲ್ಲಿ ಇನ್ನೊಂದು ಮಾತು. ಲ್ಯಾಕ್ಟೋಸನ್ನು ಒಡೆಯುವ ಲ್ಯಾಕ್ಟೇಸ್ ಕಿಣ್ವ ಸಣ್ಣಕರುಳಿನ ವಿಲ್ಲೈಗಳ (ಒಳಗೋಡೆಯ ಬೆರಳಿನಂಥ ಪುಟ್ಟ ಚಾಚುಗಳ) ತುದಿಯಲ್ಲಿರುತ್ತದೆ. ಸೀಲಿಯಾಕ್‌ನಲ್ಲಿ ಮೊದಲು ಸವೆಯುವುದೇ ಆ ತುದಿ. ಹಾಲು ಬೇಡ ಎಂದದ್ದು ಇದೇ ಕಾರಣಕ್ಕಾದರೆ, ಕ್ಯಾಪ್ಸೂಲಿನಲ್ಲಿರುವ ಲ್ಯಾಕ್ಟೋಸ್‌ಗೆ ಹೆದರಬೇಕಾಗಿಲ್ಲ. ಲ್ಯಾಕ್ಟೋಸ್ ಒಗ್ಗದ ಹೆಚ್ಚಿನವರು ಒಂದು ಹೊತ್ತಿಗೆ ಸುಮಾರು 12 ಗ್ರಾಂವರೆಗೆ ತಾಳಿಕೊಳ್ಳುತ್ತಾರೆ. ಕ್ಯಾಪ್ಸೂಲಿನೊಳಗಿನ ಒಟ್ಟು ಪುಡಿಯೇ ಅರ್ಧ ಗ್ರಾಂ ಆಸುಪಾಸು.

ಪ್ರಶ್ನೆ: ‘ಗ್ಲುಟೆನ್-ಫ್ರೀ’ ಎಂದು ಮುದ್ರಿಸಿದ್ದರೆ ಸಾಕಲ್ಲವೇ?

ಉತ್ತರ: ಸಾಕು ಎನ್ನಲು ಮನಸ್ಸು ಒಪ್ಪುವುದಿಲ್ಲ. ಅಮೆರಿಕದ ಕೊಲಂಬಿಯಾ ವಿಶ್ವವಿದ್ಯಾಲಯದ ಸಂಶೋಧಕರು 2015ರಲ್ಲಿ ಹೆಚ್ಚು ಮಾರಾಟವಾಗುವ 22 ಪ್ರೋಬಯಾಟಿಕ್‌ಗಳನ್ನು ಪರೀಕ್ಷಿಸಿದಾಗ 12ರಲ್ಲಿ ಗ್ಲುಟೆನ್ ಪತ್ತೆಯಾಯಿತು. ಅವುಗಳಲ್ಲಿ ಹೆಚ್ಚಿನವು ಗ್ಲುಟೆನ್-ಫ್ರೀ ಎಂದು ಹೇಳಿಕೊಂಡಂಥವೇ.

ಹಾಗೆಂದು ಗಾಬರಿ ಬೀಳುವ ಮೊದಲು ಲೆಕ್ಕ ಹಾಕಿ ನೋಡಿ. ಗ್ಲುಟೆನ್-ಫ್ರೀ ಎನ್ನಲು ಇರುವ ಮಿತಿ 20 ಪಿಪಿಎಂ, ಅಂದರೆ ಕಿಲೋಗೆ 20 ಮಿಲಿಗ್ರಾಂ. ಅರ್ಧ ಗ್ರಾಂ ಕ್ಯಾಪ್ಸೂಲಿನಲ್ಲಿ ಅಷ್ಟಿದ್ದರೆ ಹೊಟ್ಟೆಗೆ ಹೋಗುವುದು 0.01 ಮಿಲಿಗ್ರಾಂ. ಸೀಲಿಯಾಕ್ ಇರುವ ಬಹುಪಾಲು ಜನರಿಗೆ ದಿನಕ್ಕೆ 10 ಮಿಲಿಗ್ರಾಂ ಒಳಗಿದ್ದರೆ ಹಾನಿಯಾಗುವ ಸಂಭವ ಕಡಿಮೆ; 50 ಮಿಲಿಗ್ರಾಂ ದಿನವೂ ಹೋದರೆ ಮೂರು ತಿಂಗಳಲ್ಲಿ ಕರುಳಿನ ಒಳಪದರ ಕೆಡಬಲ್ಲದು. ಮಿತಿಯೊಳಗಿರುವ ಕ್ಯಾಪ್ಸೂಲ್ ಆ ಅಂಕಿಗಳ ಹತ್ತಿರಕ್ಕೂ ಬರುವುದಿಲ್ಲ. ಚಿಂತಿಸಬೇಕಾದ್ದು ಮಿತಿ ಮೀರಿದವುಗಳ ಬಗ್ಗೆ, ಮತ್ತು ಚಮಚಗಟ್ಟಲೆ ಕುಡಿಯುವ ಪುಡಿಗಳ ಬಗ್ಗೆ.

ತಯಾರಕರಿಗೆ ಬರೆಯುವುದಾದರೆ ‘ಇದು ಗ್ಲುಟೆನ್-ಫ್ರೀಯೇ?’ ಎಂದು ಕೇಳಬೇಡಿ. ‘ಹೌದು’ ಎಂಬ ಒಂದೇ ಪದ ಬರುತ್ತದೆ, ಉಪಯೋಗಕ್ಕಿಲ್ಲ. ಬೆಳೆಸುವ ದ್ರವದಲ್ಲಿ ಗೋಧಿ, ಬಾರ್ಲಿ, ರೈ, ಹಾಲು ಇವೆಯೇ. ಸಿದ್ಧವಾದ ಪ್ರತಿ ಬ್ಯಾಚನ್ನೂ ಪರೀಕ್ಷಿಸುತ್ತೀರಾ. ಯಾವ ವಿಧಾನ, ಸಿಕ್ಕ ಅಂಕಿ ಎಷ್ಟು ಎಂದು ಕೇಳಿ. ವಿಧಾನ ಯಾಕೆ ಎಂದರೆ, ಸಾಮಾನ್ಯವಾಗಿ ಬಳಸುವ ‘ಸ್ಯಾಂಡ್‌ವಿಚ್ ಎಲೈಸಾ’ ಪರೀಕ್ಷೆಗೆ ಗ್ಲುಟೆನ್ ತುಣುಕನ್ನು ಎರಡು ಕಡೆ ಹಿಡಿಯಲು ಜಾಗ ಬೇಕು. ಹುದುಗುವಾಗ ಗ್ಲುಟೆನ್ ಚೂರುಚೂರಾದರೆ ಆ ಪರೀಕ್ಷೆ ಕಡಿಮೆ ತೋರಿಸಬಹುದು. ಆಗ ಬೇಕಾದ್ದು ಒಂದೇ ಕಡೆ ಹಿಡಿತ ಸಿಕ್ಕರೂ ಸಾಕಾಗುವ ‘ಕಾಂಪಿಟಿಟಿವ್ ಎಲೈಸಾ’. ಎಲ್ಲಕ್ಕಿಂತ ಒಳ್ಳೆಯದು, ಬೆಳೆಸುವ ದ್ರವದಲ್ಲೇ ಆ ಧಾನ್ಯಗಳಿಲ್ಲ ಎಂಬ ಲಿಖಿತ ಉತ್ತರ.

ಪ್ರಶ್ನೆ: ಮಗಳಿಗೆ ಹಾಲಿನ ಅಲರ್ಜಿ. ‘ಲ್ಯಾಕ್ಟೋಸ್-ಫ್ರೀ’ ಪ್ರೋಬಯಾಟಿಕ್ ಕೊಡಬಹುದೇ?

ಉತ್ತರ: ಆ ಒಂದು ಪದ ನಂಬಿ ಕೊಡಬೇಡಿ. ಲ್ಯಾಕ್ಟೋಸ್ ಸಕ್ಕರೆ, ಅಲರ್ಜಿ ಇರುವುದು ಕೇಸೀನ್, ವೇ ಎಂಬ ಪ್ರೋಟೀನುಗಳಿಗೆ. ಸಕ್ಕರೆ ತೆಗೆದರೂ ಪ್ರೋಟೀನು ಉಳಿದಿರುತ್ತದೆ. ‘ನಾನ್-ಡೇರಿ’ ಎಂದಿದ್ದರೂ ಒಳಗೆ ಕೇಸೀನಿನಿಂದಲೇ ಮಾಡಿದ ಸೋಡಿಯಂ ಕೇಸಿನೇಟ್ ಇರಬಹುದು. ಮೊದಲ ಉತ್ತರದಲ್ಲಿ ಲ್ಯಾಕ್ಟೋಸ್ ಬಗ್ಗೆ ‘ಹೆದರಬೇಕಾಗಿಲ್ಲ’ ಎಂದ ಲೆಕ್ಕ ಇಲ್ಲಿ ನಡೆಯುವುದಿಲ್ಲ: ಹಾಲಿನ ಪ್ರೋಟೀನಿನ ಅಂಶವಿದ್ದ ಪ್ರೋಬಯಾಟಿಕ್‌ನಿಂದ ಅಲರ್ಜಿಯವರಿಗೆ ತೀವ್ರ ಪ್ರತಿಕ್ರಿಯೆಯಾದ ಪ್ರಕರಣಗಳಿವೆ. ಹಾಲಿಲ್ಲದ ದ್ರವದಲ್ಲಿ ಬೆಳೆಸಿ, ಹಾಲು ಮುಟ್ಟದ ಯಂತ್ರದಲ್ಲಿ ತುಂಬಿದ್ದೇವೆ ಎಂಬ ಉತ್ತರ ಬರೆದು ಕೊಟ್ಟಿದ್ದರೆ, ಅದನ್ನು ಅಲರ್ಜಿ ವೈದ್ಯರಿಗೆ ತೋರಿಸಿ ಮುಂದುವರಿಯಿರಿ. ಇಲ್ಲದಿದ್ದರೆ ಬಿಟ್ಟುಬಿಡಿ; ಪ್ರೋಬಯಾಟಿಕ್ ಇಲ್ಲದೆ ಮಗುವಿಗೆ ಏನೂ ಕೊರತೆಯಾಗುವುದಿಲ್ಲ.

ಪ್ರಶ್ನೆ: ಗ್ಲುಟೆನ್, ಹಾಲು ಎರಡೂ ಇಲ್ಲದ ಕ್ಯಾಪ್ಸೂಲ್ ಶುರುಮಾಡಿ ವಾರವಾಯಿತು. ಹೊಟ್ಟೆ ಉಬ್ಬರ, ವಾಯು. ಒಳಗೆ ಗ್ಲುಟೆನ್ ಇದೆಯೇನೋ ಎಂಬ ಅನುಮಾನ.

ಉತ್ತರ: ಮೊದಲು ಪಟ್ಟಿಯಲ್ಲಿ ಇನುಲಿನ್, ಚಿಕೋರಿ ಬೇರು, ಫ್ರಕ್ಟೋ-ಆಲಿಗೋಸ್ಯಾಕರೈಡ್ ಇವೆಯೇ ನೋಡಿ. ಬ್ಯಾಕ್ಟೀರಿಯಾಕ್ಕೆ ಆಹಾರವೆಂದು ಸೇರಿಸುವ ನಾರುಗಳಿವು. ದೊಡ್ಡಕರುಳಿನಲ್ಲಿ ಹುದುಗಿ ಗಾಳಿ ಬಿಡುತ್ತವೆ, ಸೂಕ್ಷ್ಮ ಹೊಟ್ಟೆಯವರಿಗೆ ಅಷ್ಟೇ ಸಾಕು. ಇವಿಲ್ಲದ ಡಬ್ಬಿಗೆ ಬದಲಿಸಿ, ಮೊದಲ ವಾರ ದಿನ ಬಿಟ್ಟು ದಿನ ತೆಗೆದುಕೊಳ್ಳಿ, ಆಮೇಲೆ ದಿನವೂ. ಆ ಅವಧಿಯಲ್ಲಿ ಊಟದಲ್ಲಿ ಹೊಸದೇನನ್ನೂ ಸೇರಿಸಬೇಡಿ. ಸೇರಿಸಿದರೆ ಯಾವುದರಿಂದ ಏನಾಯಿತು ಎಂದು ತಿಳಿಯದು. ನಾಲ್ಕು ವಾರದಲ್ಲಿ ಗುಣ ಕಾಣದಿದ್ದರೆ ನಿಲ್ಲಿಸಿ. ಡಬ್ಬಿ ಮುಗಿಯಲಿ ಎಂದು ನುಂಗುತ್ತಾ ಕೂರಬೇಡಿ.

ಪ್ರಶ್ನೆ: ಆಂಟಿಬಯಾಟಿಕ್ ಜೊತೆ ಯಾವ ತಳಿ ಒಳ್ಳೆಯದು? ಎಷ್ಟು ಬಿಲಿಯನ್ ಜೀವಂತ ಸೂಕ್ಷ್ಮಾಣು ಇರಬೇಕು?

ಉತ್ತರ: ಆಂಟಿಬಯಾಟಿಕ್‌ನಿಂದ ಬರುವ ಭೇದಿಗೆ ಹೆಚ್ಚು ಪರೀಕ್ಷೆಯಾದವು ರಾಮ್ನೋಸಸ್ ಜಿಜಿ ಮತ್ತು ಸ್ಯಾಕರೋಮೈಸಿಸ್ ಬೌಲಾರ್ಡಿ. ತಳಿಯ ಗುರುತು, ಅಂದರೆ ‘ಜಿಜಿ’ಯಂಥ ಕೊನೆಯ ಅಕ್ಷರಗಳು, ಮುದ್ರಣವಾಗಿರಬೇಕು, ಬರೀ ಜಾತಿಯ ಹೆಸರಿದ್ದರೆ ಪರೀಕ್ಷಿಸಿದ ತಳಿಯೇ ಒಳಗಿದೆ ಎನ್ನಲಾಗದು. ಬೌಲಾರ್ಡಿ ಯೀಸ್ಟ್ ಆದ್ದರಿಂದ ಆಂಟಿಬಯಾಟಿಕ್‌ಗೆ ಸಾಯುವುದಿಲ್ಲ (ಶಿಲೀಂಧ್ರದ ಮಾತ್ರೆಗೆ ಸಾಯುತ್ತದೆ). ಆದರೆ ಬೌಲಾರ್ಡಿಯ ಕೆಲವು ತಯಾರಿಕೆಗಳಲ್ಲಿ ಲ್ಯಾಕ್ಟೋಸ್ ಇರುತ್ತದೆ, ಪಟ್ಟಿ ಓದಿ. ರಾಮ್ನೋಸಸ್ ಆದರೆ ಆಂಟಿಬಯಾಟಿಕ್ ನುಂಗಿ ಎರಡು ಗಂಟೆ ಕಳೆಯಲಿ. ಬಿಸಿನೀರಿನಲ್ಲಿ ಕದಡಬೇಡಿ.

1 ಬಿಲಿಯನ್ ಎಂದರೆ 100 ಕೋಟಿ. ಮಕ್ಕಳಲ್ಲಿ ಈ ಭೇದಿಗೆ ಪರಿಣಾಮ ಕಂಡ ಪ್ರಮಾಣ ದಿನಕ್ಕೆ 5ರಿಂದ 40 ಬಿಲಿಯನ್. ಆ ಸಂಖ್ಯೆ ‘ತಯಾರಾದ ದಿನ’ದ್ದೋ ‘ಅವಧಿ ಮುಗಿಯುವವರೆಗೆ’ ಉಳಿಯುವುದೋ ನೋಡಿ, ಎರಡನೆಯದೇ ಲೆಕ್ಕಕ್ಕೆ ಬರುವುದು. ರೋಗನಿರೋಧಕ ಶಕ್ತಿ ತೀರಾ ಕುಗ್ಗಿದವರು, ದೊಡ್ಡ ರಕ್ತನಾಳಕ್ಕೆ ಕೊಳವೆ ಹಾಕಿಸಿಕೊಂಡವರು ಬೌಲಾರ್ಡಿ ತೆಗೆದುಕೊಳ್ಳಬಾರದು. ಯೀಸ್ಟ್ ರಕ್ತಕ್ಕೇ ಸೇರಿದ ಉದಾಹರಣೆಗಳಿವೆ. ಅವಧಿಗೆ ಮುನ್ನ ಹುಟ್ಟಿದ ಶಿಶುಗಳಿಗೆ ವೈದ್ಯರನ್ನು ಕೇಳದೆ ಯಾವ ಪ್ರೋಬಯಾಟಿಕ್ಕೂ ಬೇಡ.

ಪ್ರಶ್ನೆ: ಕ್ಯಾಪ್ಸೂಲಿನ ಪುಡಿಯಿಂದ ತೆಂಗಿನ ಹಾಲನ್ನು ಹೆಪ್ಪು ಹಾಕಬಹುದೇ?

ಉತ್ತರ: ಹಾಕಬಹುದು. ಅರ್ಧ ಲೀಟರ್ ತೆಂಗಿನ ಹಾಲಿಗೆ ಒಂದು ಚಹಾ ಚಮಚ ಸಕ್ಕರೆ, ಒಂದು ದೊಡ್ಡ ಚಮಚ ಮರಗೆಣಸಿನ ಪಿಷ್ಟ ಕದಡಿ ಕುದಿಸಿ. ಸಕ್ಕರೆ ರುಚಿಗಲ್ಲ, ಬ್ಯಾಕ್ಟೀರಿಯಾಕ್ಕೆ. ತೆಂಗಿನ ಹಾಲಿನಲ್ಲಿ ಅದಕ್ಕೆ ಬೇಕಾದಷ್ಟು ಸಕ್ಕರೆಯಿಲ್ಲ. 40 ಡಿಗ್ರಿ ಸೆಲ್ಸಿಯಸ್‌ಗೆ ಇಳಿದ ಮೇಲೆ ಎರಡು ಕ್ಯಾಪ್ಸೂಲ್ ಬಿಚ್ಚಿ ಪುಡಿ ಬೆರೆಸಿ, ಕುದಿನೀರಿನಲ್ಲಿ ತೊಳೆದ ಪಾತ್ರೆಯಲ್ಲಿ ಅದೇ ಶಾಖದಲ್ಲಿಡಿ. ಲ್ಯಾಕ್ಟೋಬ್ಯಾಸಿಲಸ್ ಇರುವ ಕ್ಯಾಪ್ಸೂಲೇ ಬೇಕು; ಬೌಲಾರ್ಡಿಯಿಂದ ಹುಳಿ ಬರುವುದಿಲ್ಲ. ಮೊಸರಿನ ಹೆಪ್ಪಿನ ಪುಡಿ ಕೊಂಡರೆ ಅದರಲ್ಲಿ ಹಾಲಿನ ಪುಡಿ ಇರುವುದು ಮಾಮೂಲು, ನೋಡಿ ಕೊಳ್ಳಿ.

12 ಗಂಟೆಯಾದಾಗ ಒಮ್ಮೆ, 24 ಗಂಟೆಯಾದಾಗ ಇನ್ನೊಮ್ಮೆ ಪಿಎಚ್ ಪಟ್ಟಿಯಿಂದ (ಹುಳಿಯ ಮಟ್ಟ ತೋರಿಸುವ ಕಾಗದ; ಅಂಕಿ ಇಳಿದಷ್ಟೂ ಹುಳಿ ಹೆಚ್ಚು) ಅಳೆಯಿರಿ. 24 ಗಂಟೆಯೊಳಗೆ 4.5ಕ್ಕೆ ಇಳಿಯದಿದ್ದರೆ, ರುಚಿ ನೋಡದೆ ಚೆಲ್ಲಿ. ಪಿಷ್ಟದಿಂದಲೇ ಅದು ಗಟ್ಟಿಯಾಗಿ ಕಾಣುವುದರಿಂದ ಕಣ್ಣು ಮೋಸ ಹೋಗುತ್ತದೆ. ಗುಲಾಬಿ ಅಥವಾ ಕಪ್ಪು ಕಲೆ, ಬೂಷ್ಟು ಕಂಡರೂ ಅಷ್ಟೆ, ಮೇಲಿನದು ತೆಗೆದು ಉಳಿದದ್ದು ತಿನ್ನಬೇಡಿ. ಹುಳಿ ಬಾರದಿರಲು ಸಾಮಾನ್ಯ ಕಾರಣ ಪುಡಿಯನ್ನು ತೀರಾ ಬಿಸಿ ಹಾಲಿಗೆ ಹಾಕಿದ್ದು, ಇಲ್ಲವೇ ಕ್ಯಾಪ್ಸೂಲಿನೊಳಗಿನ ಬ್ಯಾಕ್ಟೀರಿಯಾ ಮೊದಲೇ ಸತ್ತಿದ್ದು. ಇದರಲ್ಲಿ ಎಷ್ಟು ಕೋಟಿ ಬೆಳೆದಿದೆ ಎಂದು ಮನೆಯಲ್ಲಿ ಎಣಿಸಲಾಗದು. ತಿಂಡಿಯೆಂದು ತಿನ್ನಿ, ಔಷಧದ ಬದಲಿಗೆ ಬೇಡ.