ಗೀಸರ್ ದೀಪ ಬೇಗ ಆರಿದರೂ ನೀರು ಉಗುರುಬೆಚ್ಚಗೇ ಇದ್ದರೆ

ಐದೇ ನಿಮಿಷಕ್ಕೆ ದೀಪ ಆರುತ್ತದೆ, ನೀರು ಮಾತ್ರ ಉಗುರುಬೆಚ್ಚಗೆ, ಒಳಗೆ ಚಟಪಟ ಸದ್ದು ಬೇರೆ ಅಂದಿದ್ದೀರಿ. ಕೋಲಾರದ ಬೋರ್‌ವೆಲ್ ನೀರು ಅಲ್ವಾ, ನನಗೆ ಮೊದಲ ಅನುಮಾನ ಸುಣ್ಣದ ಮೇಲೆಯೇ. ಗಡಸು ನೀರು ಕಾದಾಗ ನೀರು ಕಾಯಿಸುವ ಕಾಯಿಲ್ ಮೇಲೆ ಸುಣ್ಣದ ಬಿಳಿ ಪದರ ಕಟ್ಟುತ್ತದೆ. ಅದು ಪಕ್ಕದ ಥರ್ಮೋಸ್ಟಾಟ್ ಕಡ್ಡಿಯವರೆಗೂ (ಬಿಸಿ ಅಳೆದು ಕರೆಂಟ್ ಕಟ್ ಮಾಡುವ ಭಾಗ) ಬೆಳೆದರೆ, ಬಿಸಿ ಅಲ್ಲೇ ಸಿಕ್ಕಿಕೊಂಡು, ಟ್ಯಾಂಕಿನ ನೀರು ಕಾಯುವ ಮೊದಲೇ ಕರೆಂಟ್ ಕಟ್ ಆಗುತ್ತದೆ. ಸುಮ್ನೆ ಹೊಸ ಗೀಸರ್ ತರಬೇಡಿ. ಗೀಸರ್‌ನ ಎಂಸಿಬಿ (ಕರೆಂಟ್ ಬೋರ್ಡಿನ ಸ್ವಿಚ್) ಆಫ್ ಮಾಡಿ, ಗೊತ್ತಿರುವ ಎಲೆಕ್ಟ್ರಿಷಿಯನ್ ಕೈಲಿ ಕಾಯಿಲ್ ಬಿಚ್ಚಿಸಿ ಸುಣ್ಣ ತೆಗೆಸಿ. ಆ್ಯನೋಡ್ ರಾಡ್ (ಟ್ಯಾಂಕಿನ ಬದಲು ತಾನೇ ಸವೆಯುವ ಲೋಹದ ಕಡ್ಡಿ) ಸವೆದಿದ್ದರೆ ಅದನ್ನೂ ಆಗಲೇ ಬದಲಿಸಿ, ಇಲ್ಲದಿದ್ದರೆ ಟ್ಯಾಂಕ್ ತುಕ್ಕು ಹಿಡಿಯುತ್ತದೆ. ಕ್ಲೀನ್ ಆದಮೇಲೂ ಹೀಗೇ ಆದರೆ ಥರ್ಮೋಸ್ಟಾಟ್ ಕೆಟ್ಟಿರಬಹುದು. ಉಷ್ಣತೆ 60 ಡಿಗ್ರಿಯ ಆಸುಪಾಸಿನಲ್ಲಿಡಿ, ಜಾಸ್ತಿ ಇಟ್ಟಷ್ಟೂ ಸುಣ್ಣ ಬೇಗ ಕಟ್ಟುತ್ತದೆ.