ಮೆನು ಕಾರ್ಡ್ ಹಳೇದು, ಅಡುಗೆಕೋಣೆ ಹೊಸದು

ಈ ಸಲ ಬಂದ ಪ್ರಶ್ನೆಗಳಲ್ಲಿ ನಾಲ್ಕು ಒಂದೇ ವಿಷಯದ ಸುತ್ತ ತಿರುಗ್ತಾ ಇದ್ದವು, ಎಡಬ್ಲ್ಯೂಎಸ್ (ಅಮೆಜಾನ್ ಬಾಡಿಗೆಗೆ ಕೊಡುವ ಕಂಪ್ಯೂಟರ್ ಸೇವೆ) ಟೆಂಪ್ಲೇಟ್ ಮತ್ತೆ ಅದರ ಟೈಪ್ ಅಪ್‌ಡೇಟ್, ಹಾಗಾಗಿ ಒಟ್ಟಿಗೆ ತಗೊಂಡಿದ್ದೇನೆ. ಫೋನ್ ಬ್ಯಾಟರಿ, ವೈಫೈ ಅಂತ ಬರೆದವರು ಬೇಜಾರ್ ಮಾಡ್ಬೇಡಿ, ನಿಮ್ಮದು ಮುಂದಿನ ಸಂಚಿಕೆಗೆ ಉಂಟು.

ಪ್ರಶ್ನೆ: ಸರ್, ನಾನು ಇಲ್ಲೇ ಒಂದು ಸಣ್ಣ ಕಂಪನಿಯಲ್ಲಿ ಕೆಲಸ ಮಾಡೋದು. ನಮ್ಮ ಎಡಬ್ಲ್ಯೂಎಸ್ ಸೆಟಪ್ ಎಲ್ಲ ಕ್ಲೌಡ್‌ಫಾರ್ಮೇಶನ್ ಟೆಂಪ್ಲೇಟಲ್ಲಿ (ಎಂತೆಂತ ಬೇಕು ಅಂತ ಬರೆದು ಕೊಟ್ರೆ ಎಡಬ್ಲ್ಯೂಎಸ್ ಕಟ್ಟಿ ಕೊಡುವ ಫೈಲ್) ಉಂಟು, ಅದನ್ನು ಕೈಯಲ್ಲಿ ಬರೆಯೋದಿಲ್ಲ, ಟೈಪ್‌ಸ್ಕ್ರಿಪ್ಟಲ್ಲಿ (ಯಾವ ಜಾಗಕ್ಕೆ ಎಂತ ತರದ ಮಾಹಿತಿ ಬರ್ಬೇಕು ಅಂತ ಮೊದಲೇ ಪರೀಕ್ಷೆ ಮಾಡುವ ಪ್ರೋಗ್ರಾಮಿಂಗ್ ಭಾಷೆ) ಬರೆದು ಜನರೇಟ್ ಮಾಡೋದು. ಅದಕ್ಕೊಂದು ಪ್ಯಾಕೇಜ್ ಉಂಟು, ಮೊದಲು ಇದ್ದವರೊಬ್ಬರು ಮಾಡಿಟ್ಟದ್ದು, ಅವರೀಗ ಬೆಂಗಳೂರು ಸೇರಿದ್ದಾರೆ. ಈಗ ಹೊಸ ಪ್ರಾಪರ್ಟಿ ಏನಾದ್ರೂ ಬರೆದ್ರೆ ಎಡಿಟರ್ ಕೆಂಪು ಗೆರೆ ಎಳೀತದೆ, ಡಾಕ್ಯುಮೆಂಟೇಶನ್ ನೋಡಿದ್ರೆ ಅದು ಅಲ್ಲಿ ಸರಿಯಾಗೇ ಉಂಟು! ಸೀನಿಯರ್ ಹೇಳ್ತಾರೆ "ಎನಿ" ಹಾಕಿ ಮುಂದೆ ಹೋಗು ಅಂತ. ಹಾಕ್ಲಾ?
(ಹೆಸರು ಬೇಡ, ಮಣಿಪಾಲ)

ಉತ್ತರ: ಬೇಡ ಮಾರಾಯ್ರೆ. ಯಾಕೆ ಅಂತ ಹೇಳ್ತೇನೆ.

ಆಟಿ ತಿಂಗಳು, ಜೋರು ಮಳೆ, ನೀವೊಂದು ಹೋಟೆಲಿಗೆ ಹೋಗಿದ್ದೀರಿ ಅಂತ ಇಟ್ಕೊಳ್ಳಿ. ಒಳಗಿಂದ ಪತ್ರೊಡೆ ಪರಿಮಳ ಬರ್ತಾ ಉಂಟು. ಮಾಣಿಯನ್ನು ಕರೆದು ಪತ್ರೊಡೆ ಕೊಡಪ್ಪ ಅಂದ್ರೆ ಅವನು ಕಾರ್ಡ್ ನೋಡಿ "ಇಲ್ಲ" ಅಂತಾನೆ, ಯಾಕಂದ್ರೆ ಅವನ ಕೈಯಲ್ಲಿ ಇರೋದು ಬೇಸಿಗೆಯಲ್ಲಿ ಪ್ರಿಂಟ್ ಮಾಡ್ಸಿದ ಕಾರ್ಡ್. ನಿಮ್ಮ ಎಡಿಟರೇ ಆ ಮಾಣಿ, ಪ್ಯಾಕೇಜಿನ ಟೈಪ್ ಡೆಫಿನಿಶನ್ (ಯಾವ ಜಾಗದಲ್ಲಿ ಎಂತ ಬರ್ಬಹುದು ಅನ್ನುವ ವಿವರ) ಆ ಕಾರ್ಡ್, ಅಡುಗೆ ಆಗೋದು ಎಡಬ್ಲ್ಯೂಎಸ್ ಕಡೆ. "ಎನಿ" ಹಾಕೋದು ಅಂದ್ರೆ ಕಾರ್ಡ್ ನೋಡ್ಲೇಬೇಡ ನಾನು ಹೇಳಿದ್ದು ಬರ್ಕೋ ಅಂತ ಮಾಣಿಗೆ ಹೇಳಿದ ಹಾಗೆ. ಪತ್ರೊಡೆ ಬರೀತಾನೆ ಸರಿ, ನಾಳೆ ನೀವು ಬಾಯಿ ತಪ್ಪಿ "ಪರ್ತೊಡೆ" ಅಂದ್ರೂ ಅದನ್ನೂ ಬರ್ಕೊಂಡು ಒಳಗೆ ಹೋಗ್ತಾನೆ, ಅಡುಗೆಯವರು ಬೈಯುವಾಗ ಅರ್ಧ ಗಂಟೆ ಕಳೆದಿರ್ತದೆ. ಡಿಪ್ಲಾಯ್ (ಟೆಂಪ್ಲೇಟನ್ನು ಎಡಬ್ಲ್ಯೂಎಸ್ಸಲ್ಲಿ ಜಾರಿ ಮಾಡೋದು) ಅರ್ಧ ದಾರಿ ಹೋಗಿ ರೋಲ್‌ಬ್ಯಾಕ್ ಆಗುವುದನ್ನು (ಮೊದಲಿದ್ದ ಹಾಗೇ ವಾಪಸ್ ಬರೋದನ್ನು) ಕಾದು ಕೂತವರಿಗೆ ಗೊತ್ತಿರ್ತದೆ ಅದೆಂತ ಸಂಕಟ ಅಂತ.

ಇನ್ನು ಕಾರ್ಡನ್ನು ಹೊಸದು ಮಾಡೋದು ಹೇಗೆ? ಯಾವ ರಿಸೋರ್ಸಿಗೆ (ಟೇಬಲ್, ಬಕೆಟ್ ತರದ ಒಂದೊಂದು ವಸ್ತು) ಯಾವ ಪ್ರಾಪರ್ಟಿ (ಹೆಸರಿನ ಹಾಗಿನ ಅದರ ವಿವರ), ಯಾವುದು ಕಡ್ಡಾಯ, ಯಾವುದು ಸ್ಟ್ರಿಂಗ್ ಯಾವುದು ನಂಬರ್, ಇದೆಲ್ಲ ಇರುವ ಪಟ್ಟಿಯನ್ನು ಎಡಬ್ಲ್ಯೂಎಸ್ಸೇ ಜೇಸನ್ (ಕಂಪ್ಯೂಟರಿಗೆ ಓದ್ಲಿಕ್ಕೆ ಸುಲಭ ಆದ ಪಠ್ಯ ರೂಪ) ಫೈಲಾಗಿ ಕೊಡ್ತದೆ, ರಿಸೋರ್ಸ್ ಸ್ಪೆಸಿಫಿಕೇಶನ್ ಅಂತ ಅದರ ಹೆಸರು. 2019ರಲ್ಲಿ ಕ್ಲೌಡ್‌ಫಾರ್ಮೇಶನ್ ರಿಜಿಸ್ಟ್ರಿ (ರಿಸೋರ್ಸುಗಳ ನೋಂದಣಿ) ಬಂದ ಮೇಲೆ ಪ್ರತಿಯೊಂದು ರಿಸೋರ್ಸಿಗೂ ಬೇರೆ ಬೇರೆ ಸ್ಕೀಮಾ (ಅದರ ಆಕಾರದ ವಿವರ) ಸಹ ಸಿಗ್ತದೆ, ಹೊಸದಾಗಿ ಶುರು ಮಾಡುವವರು ಅದನ್ನೇ ಹಿಡೀಬೇಕು ಅಂತ ನನ್ನ ಅಭಿಪ್ರಾಯ. ನಿಮ್ಮ ಪ್ಯಾಕೇಜ್ ಮಾಡಿದವರು ನೂರಾರು ಇಂಟರ್‌ಫೇಸ್ (ಒಂದೊಂದು ರಿಸೋರ್ಸಿನ ಟೈಪ್) ಕೈಯಲ್ಲಿ ಟೈಪ್ ಮಾಡಿರ್ಲಿಕ್ಕಿಲ್ಲ, ಅಷ್ಟು ತಾಳ್ಮೆ ಯಾರಿಗುಂಟು? ಎಲ್ಲೋ ಒಂದು ಸಣ್ಣ ಸ್ಕ್ರಿಪ್ಟ್ ಇರ್ತದೆ, ಆ ಜೇಸನ್ ಓದಿ ಟೈಪ್ ಫೈಲ್ ಉಗುಳುವಂಥದ್ದು. ಮೊದಲು ಅದನ್ನು ಹುಡುಕಿ. ಟೈಪ್ ಫೈಲಿನ ಮೊದಲ ಸಾಲಲ್ಲಿ "ಜನರೇಟ್ ಆದದ್ದು, ಕೈ ಹಾಕ್ಬೇಡಿ" ಅನ್ನುವ ಅರ್ಥದ ಕಮೆಂಟ್ ಇದ್ರೆ ಖಂಡಿತ ಸ್ಕ್ರಿಪ್ಟ್ ಉಂಟು ಅಂತ ಲೆಕ್ಕ, ಮತ್ತೆ ಆ ಫೈಲನ್ನು ಕೈಯಲ್ಲಿ ತಿದ್ಲಿಕ್ಕೆ ಹೋಗ್ಬೇಡಿ, ಮುಂದಿನ ಸಲ ಯಾರಾದ್ರೂ ಸ್ಕ್ರಿಪ್ಟ್ ಓಡಿಸಿದ ಕೂಡ್ಲೇ ನಿಮ್ಮ ತಿದ್ದುಪಡಿ ಮಾಯ.

ಸ್ಕ್ರಿಪ್ಟ್ ಸಿಕ್ಕಿದ್ರೆ ಹೊಸ ಪಟ್ಟಿ ಇಳಿಸಿ ಓಡಿಸಿ, ಅದೊಂದನ್ನೇ ಬೇರೆ ಕಮಿಟ್ ಮಾಡಿ (ಬದಲಾವಣೆ ಅಂತ ದಾಖಲಿಸಿ). ನಿಮ್ಮ ಬೇರೆ ಕೆಲಸ ಅದರೊಟ್ಟಿಗೆ ಸೇರಿಸ್ಬೇಡಿ, ಸಾವಿರಗಟ್ಟಲೆ ಸಾಲಿನ ಡಿಫ್ (ಹಳೇದಕ್ಕೂ ಹೊಸದಕ್ಕೂ ಇರುವ ವ್ಯತ್ಯಾಸದ ಪಟ್ಟಿ) ಬರ್ತದೆ, ಅದರ ಮಧ್ಯ ನಿಮ್ಮ ಮೂರು ಸಾಲು ಹೊಕ್ಕರೆ ರಿವ್ಯೂ ಮಾಡುವವರಿಗೆ ರಾಗಿ ರಾಶಿಯಲ್ಲಿ ಸಾಸಿವೆ ಹುಡುಕಿದ ಹಾಗೆ ಆಗ್ತದೆ. ಡಿಫಲ್ಲಿ ಹೊಸದಾಗಿ ಸೇರಿದ್ದು ಕಡ್ಡಾಯ ಅಲ್ಲದಿದ್ರೆ ಬಿಡಿ, ಅದರಿಂದ ಯಾರಿಗೂ ತೊಂದ್ರೆ ಇಲ್ಲ. ತೆಗೆದದ್ದು, ಬದಲಾದದ್ದು, ಹೊಸದಾಗಿ ಕಡ್ಡಾಯ ಅಂತ ಬಂದದ್ದು ಮಾತ್ರ ನೋಡಿ. ಬೇಕಾದ್ರೆ ಹಾಕಿ ಅಂತ ಇದ್ದದ್ದು ಕಡ್ಡಾಯ ಆಗಿದ್ಯಾ, ಮೊದಲು ಬರೇ ಜೇಸನ್ ಅಂತ ಇದ್ದದ್ದಕ್ಕೆ ಈಗ ಸರಿಯಾದ ಆಕಾರ ಬಂದಿದ್ಯಾ ಅಂತ.

ಎರಡು ಕಡೆ ಸ್ಕ್ರಿಪ್ಟ್ ಬರೆಯುವವರೇ ಎಡವೋದು. ಒಂದು, ಟೆಂಪ್ಲೇಟಲ್ಲಿ ಬಕೆಟ್ (ಫೈಲ್ ಇಡುವ ಜಾಗ) ಹೆಸರಿನ ಜಾಗದಲ್ಲಿ ಬರೇ ಅಕ್ಷರ ಬರ್ಬೇಕು ಅಂತ ಇಲ್ಲ, "ರೆಫ್" ಬರ್ಬಹುದು, "ಗೆಟ್ ಆಟ್" ಬರ್ಬಹುದು, "ಸಬ್" ಬರ್ಬಹುದು, ಇವೆಲ್ಲ ಡಿಪ್ಲಾಯ್ ಆಗುವಾಗ ಆ ಜಾಗ ತುಂಬಿಸುವ ಫಂಕ್ಷನ್‌ಗಳು. ಪಟ್ಟಿಯಲ್ಲಿ ಮಾತ್ರ ಸ್ಟ್ರಿಂಗ್ ಅಂತ ಇರ್ತದೆ. ಅದನ್ನು ಹಾಗೇ ಟೈಪಿಗೆ ಇಳಿಸಿದ್ರೆ ಸರಿ ಇರುವ ಟೆಂಪ್ಲೇಟಿಗೂ ಕೆಂಪು ಗೆರೆ, ಆಗ ಜನ ಏನು ಮಾಡ್ತಾರೆ, ಪುನಃ "ಎನಿ". ಹಾಗಾಗಿ ಪ್ರತಿ ಜಾಗದಲ್ಲೂ "ಸ್ಟ್ರಿಂಗ್ ಅಥವಾ ಫಂಕ್ಷನ್" ಅಂತ ಬರೋ ಹಾಗೆ ಸ್ಕ್ರಿಪ್ಟ್ ಇರ್ಬೇಕು. ಇನ್ನೊಂದು, ಲ್ಯಾಂಬ್ಡಾದ (ಎಡಬ್ಲ್ಯೂಎಸ್ಸಲ್ಲಿ ಸಣ್ಣ ಕೋಡ್ ಓಡಿಸುವ ಸೇವೆ) ರನ್‌ಟೈಮ್ (ಕೋಡ್ ಯಾವ ಭಾಷೆಯ ಯಾವ ವರ್ಷನಲ್ಲಿ ಓಡ್ಬೇಕು ಅನ್ನೋದು) ತರದ ಜಾಗಕ್ಕೆ ಇಷ್ಟೇ ಹೆಸರು ಅಂತ ಮುಚ್ಚಿದ ಪಟ್ಟಿ ಮಾಡೋದು. ನೋಡ್ಲಿಕ್ಕೆ ಚಂದ, ಎಡಿಟರ್ ತಾನೇ ತುಂಬಿಸ್ತದೆ, ಆದರೆ ಹೊಸ ನೋಡ್‌ಜೆಎಸ್ ವರ್ಷನ್ ಬಂದಾಗೆಲ್ಲ ನಿಮ್ಮ ಪ್ಯಾಕೇಜ್ ರಿಲೀಸ್ ಆಗುವ ತನಕ ಉಳಿದವರು ಕಾಯ್ಬೇಕು. ಅಲ್ಲಿ ಬರೇ ಸ್ಟ್ರಿಂಗ್ ಸಾಕು.

ಇವತ್ತೇ ಡಿಪ್ಲಾಯ್ ಮಾಡ್ಬೇಕು, ಇದಕ್ಕೆಲ್ಲ ಪುರುಸೊತ್ತಿಲ್ಲ ಅಂದ್ರೆ ನಿಮ್ಮದೇ ಪ್ರಾಜೆಕ್ಟಲ್ಲಿ ಒಂದು ಬೇರೆ ಫೈಲಲ್ಲಿ ಆ ಇಂಟರ್‌ಫೇಸಿಗೆ ಆ ಒಂದು ಪ್ರಾಪರ್ಟಿ ಮಾತ್ರ ಸೇರಿಸಿ, ಟೈಪ್‌ಸ್ಕ್ರಿಪ್ಟಲ್ಲಿ ಡಿಕ್ಲರೇಶನ್ ಮರ್ಜಿಂಗ್ (ಒಂದೇ ಹೆಸರಿನ ಎರಡು ಇಂಟರ್‌ಫೇಸ್ ಸೇರಿ ಒಂದಾಗೋದು) ಅಂತ ಉಂಟಲ್ಲ ಅದು. ಮುಂದೆ ಪ್ಯಾಕೇಜಲ್ಲೇ ಅದು ಬಂದು ಟೈಪ್ ಬೇರೆ ಇದ್ರೆ ಕಂಪೈಲರ್ ಜಗಳಕ್ಕೆ ಬರ್ತದೆ, ಆಗ ನಿಮ್ಮದನ್ನು ಅಳಿಸಿದ್ರಾಯ್ತು. ಸೀನಿಯರ್ ಹತ್ರ ಜಗಳ ಮಾಡ್ಬೇಡಿ, ಮಾಡಿ ತೋರಿಸಿ.

ಪ್ರಶ್ನೆ: ನಾವು ಬರೇ ಟೈಪ್ ಅಪ್‌ಡೇಟ್ ಮಾಡಿ ಪ್ಯಾಚ್ ವರ್ಷನ್ (ವರ್ಷನ್ ನಂಬರಿನ ಕೊನೆಯ ಅಂಕಿ ಮಾತ್ರ ಏರಿಸಿದ್ದು) ಬಿಟ್ಟದ್ದು, ಕೋಡ್ ಒಂದು ಸಾಲೂ ಮುಟ್ಲಿಲ್ಲ. ಮರುದಿನ ಬೆಳಿಗ್ಗೆ ಉಳಿದ ಎರಡು ಟೀಮಿನ ಬಿಲ್ಡ್ ಫೇಲ್. ನಮ್ಮದೆಂತ ತಪ್ಪು?
(ಓದುಗರು, ಕಲ್ಸಂಕ, ಉಡುಪಿ)

ಉತ್ತರ: ನಿಮ್ಮದೇ ತಪ್ಪು, ಬೇಜಾರ್ ಆಗ್ಬೇಡಿ. ಟೈಪ್ ಪ್ಯಾಕೇಜಲ್ಲಿ ಟೈಪೇ ಸರಕು, ಬೇರೆ ಎಂತ ಉಂಟು ಅದರಲ್ಲಿ? ಬೇಕಾದ್ರೆ ಹಾಕುವಂಥ ಹೊಸ ಪ್ರಾಪರ್ಟಿ ಸೇರಿದ್ರೆ ಮೈನರ್ (ನಡುವಿನ ಅಂಕಿ ಏರ್ಬೇಕು), ಇದ್ದದ್ದು ಹೋದ್ರೆ ಅಥವಾ ಐಚ್ಛಿಕ ಇದ್ದದ್ದು ಕಡ್ಡಾಯ ಆದ್ರೆ ಮೇಜರ್ (ಮೊದಲ ಅಂಕಿ ಏರ್ಬೇಕು). ಓಡುವ ಕೋಡಿಗೆ ಏನೂ ಆಗ್ಲಿಲ್ಲ ಅನ್ನುವ ವಾದ ಬಿಲ್ಡ್ ನಿಂತವರ ಹತ್ರ ನಡೆಯೋದಿಲ್ಲ. ಆದರೆ ಆ ಎರಡು ಟೀಮಿನವರದ್ದೂ ಸ್ವಲ್ಪ ಉಂಟು, ಪ್ಯಾಕೇಜ್ ಜೇಸನಲ್ಲಿ (ಯಾವ ಪ್ಯಾಕೇಜ್ ಬೇಕು ಅಂತ ಬರೆದಿಡುವ ಫೈಲ್) ವರ್ಷನ್ ನಂಬರಿನ ತಲೆ ಮೇಲೆ ಟೋಪಿ ಚಿಹ್ನೆ (^) ಇಟ್ಟು, ಲಾಕ್ ಫೈಲ್ (ಸರಿಯಾಗಿ ಯಾವ ವರ್ಷನ್ ಅಂತ ಗಟ್ಟಿ ಮಾಡಿಡುವ ಫೈಲ್) ಕಮಿಟ್ ಮಾಡದೆ ಕೂತಿರ್ತಾರೆ, ಟೋಪಿ ಇದ್ರೆ ಪ್ಯಾಚು ಮೈನರು ಎರಡೂ ತನ್ನಷ್ಟಕ್ಕೆ ಒಳಗೆ ಬರ್ತದೆ. ಹೀಗೆ ಅವರಿಗೆ ಅವರೇ ಟೋಪಿ ಹಾಕ್ಕೊಂಡದ್ದು. ಲಾಕ್ ಫೈಲ್ ಕಮಿಟ್ ಮಾಡಿ, ಬಿಲ್ಡ್ ಸರ್ವರಲ್ಲಿ "ಎನ್‌ಪಿಎಂ ಇನ್‌ಸ್ಟಾಲ್" ಬದಲು "ಎನ್‌ಪಿಎಂ ಸಿಐ" ಓಡಿಸ್ಲಿಕ್ಕೆ ಹೇಳಿ, ಅದು ಲಾಕ್ ಫೈಲಲ್ಲಿ ಇದ್ದದ್ದನ್ನೇ ಇಳಿಸ್ತದೆ.

ಪ್ರಶ್ನೆ: ಟೆಂಪ್ಲೇಟಿನ ಮೇಲ್ಗಡೆ ಫಾರ್ಮ್ಯಾಟ್ ವರ್ಷನ್ 2010-09-09 ಅಂತ ಉಂಟು. ತುಂಬ ಹಳೇದಾಯ್ತಲ್ಲ, ಈ ವರ್ಷದ ತಾರೀಕು ಹಾಕ್ಬೇಕಾ?
(ವಿದ್ಯಾರ್ಥಿ, ಸುರತ್ಕಲ್)

ಉತ್ತರ: ಮುಟ್ಬೇಡಿ. ಅದು ತಾರೀಕಿನ ವೇಷ ಹಾಕಿದ ಹೆಸರು ಅಷ್ಟೆ, ನಡೆಯೋದು ಅದೊಂದೇ. ತಮಾಷೆ ಎಂತ ಅಂದ್ರೆ ಕ್ಲೌಡ್‌ಫಾರ್ಮೇಶನ್ ಜನರ ಕೈಗೆ ಬಂದದ್ದೇ 2011ರಲ್ಲಿ. ಟೈಪ್ ಎಷ್ಟು ಸಲ ಅಪ್‌ಡೇಟ್ ಆದ್ರೂ ಆ ಸಾಲು ಹಾಗೇ ಇರ್ತದೆ. ಯಾಮಲಲ್ಲಿ (ಟೆಂಪ್ಲೇಟ್ ಬರೆಯುವ ಒಂದು ಪಠ್ಯ ರೂಪ) ಬರೆಯುವಾಗ ಅದಕ್ಕೆ ಕೋಟ್ ಹಾಕಿ, ಸೊನ್ನೆಯಿಂದ ಶುರುವಾಗುವ ಅಕೌಂಟ್ ನಂಬರಿಗೆ ಸಹ ಹಾಕಿ, ಇಲ್ಲದಿದ್ರೆ ಅದನ್ನು ಬೇರೆ ಯಾವುದೋ ಸಂಖ್ಯೆ ಅಂತ ಓದುವ ಸಾಧ್ಯತೆ ಉಂಟು.

ಪ್ರಶ್ನೆ: ಟೈಪ್ ಎಲ್ಲ ಲೇಟೆಸ್ಟ್, ಒಂದು ಕೆಂಪು ಗೆರೆ ಇಲ್ಲ. ಮುಂಬಯಿ ರೀಜನಲ್ಲಿ (ಎಡಬ್ಲ್ಯೂಎಸ್ ಕಂಪ್ಯೂಟರುಗಳು ಇರುವ ಒಂದು ಪ್ರದೇಶ) ಡಿಪ್ಲಾಯ್ ಆಗ್ತದೆ, ಅದೇ ಟೆಂಪ್ಲೇಟ್ ಹೈದರಾಬಾದ್ ರೀಜನಲ್ಲಿ ಫೇಲ್. ಮತ್ತೆ ಯಾಕೆ ಈ ಟೈಪ್?
(ಓದುಗರು, ಬಿಜೈ, ಮಂಗಳೂರು)

ಉತ್ತರ: ಮುಂಬಯಿ ರೀಜನ್ 2016ರದ್ದು, ಹೈದರಾಬಾದ್ 2022ರ ನವೆಂಬರಲ್ಲಿ ಬಂದದ್ದು. ಎಲ್ಲ ರಿಸೋರ್ಸ್ ಎಲ್ಲ ರೀಜನಲ್ಲಿ ಇರೋದಿಲ್ಲ, ಪಟ್ಟಿಯೂ ರೀಜನಿಗೊಂದು. ನಿಮ್ಮ ಪ್ಯಾಕೇಜಿನ ಸ್ಕ್ರಿಪ್ಟ್ ಯಾವ ರೀಜನಿನ ಪಟ್ಟಿ ಇಳಿಸ್ತದೆ ನೋಡಿ, ಅಮೆರಿಕದ ನಾರ್ತ್ ವರ್ಜೀನಿಯಾದ್ದೇ ಇದ್ರೆ ಆಶ್ಚರ್ಯ ಇಲ್ಲ. ಹಂಪನಕಟ್ಟೆ ಬ್ರಾಂಚಿನ ಕಾರ್ಡ್ ಹಿಡ್ಕೊಂಡು ಮೂಡಬಿದ್ರೆ ಬ್ರಾಂಚಲ್ಲಿ ಕೂತ ಹಾಗೆ. ಎರಡೂ ರೀಜನಿನ ಪಟ್ಟಿ ಇಳಿಸಿ ಹೋಲಿಸಿ ನೋಡಿ, ಯಾವುದು ಇಲ್ಲ ಅಂತ ಕೂಡ್ಲೇ ಗೊತ್ತಾಗ್ತದೆ.

ಮತ್ತೆ ಯಾಕೆ ಟೈಪ್ ಅಂತ ಕೇಳಿದ್ರಲ್ಲ, ನನ್ನದೇ ಒಂದು ಕತೆ ಹೇಳ್ತೇನೆ, ಮರ್ಯಾದೆ ಹೋದ್ರೂ ಅಡ್ಡಿಲ್ಲ. ಒಂದು ಮಳೆಗಾಲದ ಸಂಜೆ, ಕರೆಂಟ್ ಬರ್ತಾ ಹೋಗ್ತಾ ಇತ್ತು, ಯುಪಿಎಸ್ ಕೂಗ್ತಾ ಇತ್ತು, ನಾನು ಟೈಪ್ ಅಪ್‌ಡೇಟ್ ಮಾಡುವ ಗಡಿಬಿಡಿಯಲ್ಲೇ ಒಂದು ಡೈನಮೋಡಿಬಿ (ಎಡಬ್ಲ್ಯೂಎಸ್ಸಿನ ಡೇಟಾಬೇಸ್) ಟೇಬಲಿನ ಹೆಸರನ್ನು ಸ್ವಲ್ಪ ಚಂದ ಮಾಡುವಾ ಅಂತ ಬದಲಿಸಿದೆ. ಹೆಸರು ಸ್ಟ್ರಿಂಗ್, ನಾನು ಕೊಟ್ಟದ್ದೂ ಸ್ಟ್ರಿಂಗ್, ಎಡಿಟರಿಗೆ ಖುಷಿ, ಡಿಪ್ಲಾಯಿಗೂ ಖುಷಿ, ಎಲ್ಲ ಹಸಿರು. ಕ್ಲೌಡ್‌ಫಾರ್ಮೇಶನ್ ಹೊಸ ಹೆಸರಲ್ಲಿ ಹೊಸ ಟೇಬಲ್ ಮಾಡಿ ಹಳೇದನ್ನು ತೆಗೆದು ಹಾಕಿತು. ಹೊಸ ಟೇಬಲ್ ಖಾಲಿ. ಟೆಸ್ಟ್ ಅಕೌಂಟ್ ಆದ ಕಾರಣ ಬಚಾವ್, ಇಲ್ಲದಿದ್ರೆ ಈ ಅಂಕಣ ಬೇರೆ ಯಾರಾದ್ರೂ ಬರೀತಾ ಇದ್ದರು.

ಆ ಟೇಬಲಿಗೆ ಡಿಲೀಶನ್ ಪಾಲಿಸಿ "ರಿಟೇನ್" (ಅಳಿಸ್ಬೇಡ, ಇಟ್ಕೋ) ಅಂತ ನಾನು ಹಾಕಿದ್ದೆ, ಅದೇ ಧೈರ್ಯದಲ್ಲಿ ಇದ್ದದ್ದು. ಆದರೆ ಅದು ನಡೆಯೋದು ರಿಸೋರ್ಸನ್ನು ಟೆಂಪ್ಲೇಟಿಂದ ತೆಗೆದಾಗ, ಇಲ್ಲಾ ಸ್ಟ್ಯಾಕನ್ನೇ (ಆ ಟೆಂಪ್ಲೇಟಿಂದ ಆದ ಎಲ್ಲ ರಿಸೋರ್ಸುಗಳ ಗುಂಪು) ಅಳಿಸಿದಾಗ. ಅಪ್‌ಡೇಟಲ್ಲಿ ಹಳೇದು ಹೋಗಿ ಹೊಸದು ಬರುವಾಗ ಅದು ಲೆಕ್ಕಕ್ಕಿಲ್ಲ, ಅದಕ್ಕೆ ಅಪ್‌ಡೇಟ್ ರಿಪ್ಲೇಸ್ ಪಾಲಿಸಿ ಅಂತ ಬೇರೆಯೇ ಉಂಟು. ಎರಡನ್ನೂ ಬರೀಬೇಕು. ಟೈಪ್ ಇದನ್ನು ನೆನಪು ಮಾಡೋದಿಲ್ಲ, ಯಾಕಂದ್ರೆ ಎರಡೂ ಬೇಕಾದ್ರೆ ಹಾಕುವಂಥದ್ದು.

ಹೊಟ್ಟೆ ಉರಿಯೋದು ಎಲ್ಲಿ ಅಂದ್ರೆ, ಈ ಮಾಹಿತಿ ಆ ಜೇಸನ್ ಪಟ್ಟಿಯಲ್ಲೇ ಇತ್ತು! ಪ್ರತಿ ಪ್ರಾಪರ್ಟಿಯ ಎದುರು ಅಪ್‌ಡೇಟ್ ಟೈಪ್ ಅಂತ ಇರ್ತದೆ, ಮ್ಯೂಟೆಬಲ್, ಇಮ್ಮ್ಯೂಟೆಬಲ್, ಕಂಡಿಶನಲ್ ಅಂತ ಮೂರು ತರ. ಇಮ್ಮ್ಯೂಟೆಬಲ್ ಅಂದ್ರೆ ಬದಲಿಸಿದ್ರೆ ಹಳೇದು ಹೋಗಿ ಹೊಸದು. ಟೈಪ್ ಮಾಡುವ ಸ್ಕ್ರಿಪ್ಟ್ ಅದನ್ನು ಓದಿ ಬಿಸಾಡ್ತಾ ಇತ್ತು, ಟೈಪಿಗೆ ಅದರ ಅಗತ್ಯ ಇಲ್ಲ ಅಂತ. ಆಮೇಲೆ ನಾನು ಸ್ಕ್ರಿಪ್ಟಿಗೆ ಒಂದು ನಾಲ್ಕು ಸಾಲು ಸೇರಿಸಿ, ಇಮ್ಮ್ಯೂಟೆಬಲ್ ಇದ್ದ ಕಡೆ ಎಲ್ಲ ಪ್ರಾಪರ್ಟಿಯ ಮೇಲೆ ಕಮೆಂಟ್ ಬರೋ ಹಾಗೆ ಮಾಡಿದೆ, ಈಗ ಎಡಿಟರಲ್ಲಿ ಹೆಸರಿನ ಮೇಲೆ ಮೌಸ್ ಇಟ್ರೆ "ಬದಲಿಸಿದ್ರೆ ರಿಪ್ಲೇಸ್ ಆಗ್ತದೆ" ಅಂತ ಕಾಣ್ತದೆ. ನಿಮ್ಮಲ್ಲೂ ಮಾಡಿ, ಅರ್ಧ ಗಂಟೆ ಕೆಲಸ. ಮತ್ತೆ ನೇರ ಅಪ್‌ಡೇಟ್ ಒತ್ತುವ ಮೊದಲು ಚೇಂಜ್ ಸೆಟ್ (ಎಂತೆಂತ ಬದಲಾಗ್ತದೆ ಅಂತ ಮೊದಲೇ ತೋರಿಸುವ ಪಟ್ಟಿ) ಮಾಡಿ, ಅದರಲ್ಲಿ ರಿಪ್ಲೇಸ್‌ಮೆಂಟ್ ಅಂತ ಒಂದು ಕಾಲಂ ಉಂಟು, ಅಲ್ಲಿ "ಟ್ರೂ" ಕಂಡ್ರೆ ಕೈ ಹಿಂದೆ ತಗೊಂಡು ಒಂದು ಚಾ ಕುಡ್ಕೊಂಡು ಬನ್ನಿ, ಕರೆಂಟ್ ಇದ್ರೆ ಆಮೇಲೆ ನೋಡುವಾ.