ಎಕ್ಸೋಮ್‌ನಲ್ಲಿ ಏನೂ ಸಿಗಲಿಲ್ಲ, ಮತ್ತೆ ಎಂಎಲ್‌ಪಿಎ ಯಾಕೆ?

ಪ್ರಶ್ನೆ: ಮಗುವಿಗೆ ಎಂಟು ತಿಂಗಳು. ಕತ್ತು ಇನ್ನೂ ನಿಂತಿಲ್ಲ, ಕಾಲು ಆಡಿಸುವುದೂ ಕಡಿಮೆ. ಜೀನ್‌ಗಳಲ್ಲಿ ಪ್ರೋಟೀನ್ ತಯಾರಿಗೆ ಬೇಕಾದ ಭಾಗಗಳನ್ನು ಓದುವ ಎಕ್ಸೋಮ್ ಟೆಸ್ಟ್‌ನಲ್ಲಿ ದೋಷ ಸಿಗಲಿಲ್ಲ. ಆದರೂ ಡಾಕ್ಟರು ಎಸ್‌ಎಂಎ (ಸ್ನಾಯುಗಳು ದುರ್ಬಲವಾಗುವ ಆನುವಂಶಿಕ ಕಾಯಿಲೆ) ಇರಬಹುದು, ಎಂಎಲ್‌ಪಿಎ (ಜೀನ್ ಪ್ರತಿಗಳನ್ನು ಎಣಿಸುವ ಟೆಸ್ಟ್) ಮಾಡಿಸಿ ಎನ್ನುತ್ತಾರೆ. ಎಲ್ಲ ಜೀನ್ ಓದಿಯಾದ ಮೇಲೆ ಇನ್ನೇನು ಉಳಿದಿದೆ?
– ಓದುಗರೊಬ್ಬರು, ಹಾಸನ

ಉತ್ತರ: ದಯವಿಟ್ಟು ಮಾಡಿಸಿ, ತಡಮಾಡಬೇಡಿ. ಡಿಎನ್‌ಎಯಲ್ಲಿ ಅಕ್ಷರ ತಪ್ಪಿದೆಯೇ ಎಂದು ನೋಡುವುದು ಒಂದು ಕೆಲಸ. ಒಂದು ಜೀನ್‌ನ ಪ್ರತಿಗಳು ಎಷ್ಟಿವೆ ಎಂದು ಎಣಿಸುವುದು ಬೇರೆಯೇ ಕೆಲಸ. ಎಕ್ಸೋಮ್ ಗಟ್ಟಿಯಿರುವುದು ಮೊದಲನೆಯದರಲ್ಲಿ.

ಅಕ್ಷರ ಓದುವ ವಿಧಾನವಾದ ಸೀಕ್ವೆನ್ಸಿಂಗ್‌ನಿಂದಲೂ ಎಣಿಸಬಹುದು. ಇಡೀ ಜೀನೋಮನ್ನು ಸರಾಸರಿ 30 ಸಲ ಓದಿದರೆ, ಎರಡರಲ್ಲಿ ಒಂದು ಪ್ರತಿ ಇಲ್ಲದ ಜಾಗದಲ್ಲಿ ಆ ಸಂಖ್ಯೆ 15ರ ಆಸುಪಾಸಿಗೆ ಇಳಿಯುತ್ತದೆ, ಒಂದು ಹೆಚ್ಚಿದ್ದರೆ 45ಕ್ಕೆ ಏರುತ್ತದೆ. ಎಕ್ಸೋಮ್‌ನಲ್ಲಿ ಬೇಕಾದ ಭಾಗಗಳನ್ನಷ್ಟೇ ಪ್ರೋಬ್‌ನಿಂದ (ಗುರಿಯ ಜಾಗಕ್ಕೆ ಅಂಟುವ ಡಿಎನ್‌ಎ ಚೂರಿನಿಂದ) ಹಿಡಿದು ತೆಗೆಯುವುದರಿಂದ ಓದು ಒಂದೆಡೆ ದಟ್ಟ, ಪಕ್ಕದಲ್ಲೇ ತೆಳು. ಅದೇ ಬ್ಯಾಚ್‌ನ ಬೇರೆ ಸ್ಯಾಂಪಲ್‌ಗಳ ಜೊತೆ ಹೋಲಿಸದೆ ಏನೂ ಹೇಳುವಂತಿಲ್ಲ.

ಎಸ್‌ಎಂಎ ವಿಷಯದಲ್ಲಿ ಇನ್ನೂ ದೊಡ್ಡ ತೊಡಕಿದೆ. 5ನೇ ವರ್ಣತಂತುವಿನಲ್ಲಿರುವ ಎಸ್‌ಎಂಎನ್1, ಎಸ್‌ಎಂಎನ್2 ಜೀನ್‌ಗಳು ಹೆಚ್ಚುಕಮ್ಮಿ ಒಂದೇ ಥರ. ನಿರ್ಣಾಯಕ ವ್ಯತ್ಯಾಸ 7ನೇ ಎಕ್ಸಾನ್ ಎಂಬ ತುಂಡಿನ ಒಂದೇ ಅಕ್ಷರ: ಎಸ್‌ಎಂಎನ್1ರಲ್ಲಿ ಸಿ, ಎಸ್‌ಎಂಎನ್2ರಲ್ಲಿ ಟಿ. ಸೀಕ್ವೆನ್ಸಿಂಗ್‌ನಲ್ಲಿ ಓದುವ ಸುಮಾರು 150 ಅಕ್ಷರದ ಚೂರು ಯಾವ ಜೀನಿನದು ಎಂಬುದು ಮಾಮೂಲಿ ಸಾಫ್ಟ್‌ವೇರ್‌ಗೆ ಗೊತ್ತಾಗುವುದಿಲ್ಲ. ರೋಗಿಗಳಲ್ಲಿ ಶೇ 95ರಷ್ಟು ಮಂದಿಗೆ ಎಸ್‌ಎಂಎನ್1ರ ಈ ಭಾಗವೇ ಎರಡೂ ವರ್ಣತಂತುಗಳಲ್ಲಿ ಇರುವುದಿಲ್ಲ. ಆ ಜಾಗಕ್ಕೆ ಎಸ್‌ಎಂಎನ್2ರ ಚೂರುಗಳು ಬಂದು ಕೂತರೆ ಕೊರತೆ ಮುಚ್ಚಿಹೋಗುತ್ತದೆ. ಆ ಒಂದು ಜಾಗದಲ್ಲಿ ಸಿ ಎಷ್ಟು, ಟಿ ಎಷ್ಟು ಎಂದು ಎಣಿಸುವ ಪ್ರತ್ಯೇಕ ಸಾಫ್ಟ್‌ವೇರ್‌ಗಳಿವೆ. ಸಾವಿರಾರು ಅಕ್ಷರಗಳನ್ನು ಒಂದೇ ಓಟದಲ್ಲಿ ಓದುವ ಲಾಂಗ್‌ರೀಡ್ ವಿಧಾನವೂ ಇದೆ. ನಿಮ್ಮ ಲ್ಯಾಬ್ ಇವನ್ನು ಬಳಸಿದೆಯೇ ಎಂದು ಕೇಳಿ ನೋಡಿ.

ಎಂಎಲ್‌ಪಿಎಯಲ್ಲಿ ಪ್ರೋಬ್‌ನ ಎರಡು ತುಂಡುಗಳು ಆ ಅಕ್ಷರದ ಬಳಿ ಅಕ್ಕಪಕ್ಕ ಕೂರುತ್ತವೆ. ಅಕ್ಷರ ಹೊಂದಿದರೆ ಮಾತ್ರ ಬೆಸೆದುಕೊಳ್ಳುತ್ತವೆ. ಬೆಸೆದದ್ದನ್ನು ಪಿಸಿಆರ್‌ನಲ್ಲಿ ಹೆಚ್ಚಿಸಿ ಅಳೆದರೆ ಪ್ರತಿಗಳ ಲೆಕ್ಕ ಸಿಗುತ್ತದೆ. ಎಸ್‌ಎಂಎನ್2ರ ಪ್ರತಿಗಳನ್ನೂ ಬರೆದುಕೊಡಲು ಹೇಳಿ. ಅವು ಹೆಚ್ಚಿದ್ದರೆ ಕಾಯಿಲೆ ಸಾಮಾನ್ಯವಾಗಿ ಸೌಮ್ಯ, ಚಿಕಿತ್ಸೆಯ ನಿರ್ಧಾರಕ್ಕೂ ಅದು ಬೇಕು. ಈಗ ಔಷಧಗಳಿವೆ, ಬೇಗ ಶುರುವಾದಷ್ಟೂ ಫಲ ಹೆಚ್ಚು, ಅವಸರಪಡಿಸುತ್ತಿರುವುದು ಅದಕ್ಕೇ.

ಮಗುವಿಗೆ ಎಸ್‌ಎಂಎ ಖಚಿತವಾದರೆ ನಿಮ್ಮಿಬ್ಬರಿಗೂ ಟೆಸ್ಟ್ ಆಗಬೇಕು. ಆಗ ಒಬ್ಬರಲ್ಲಿ ಎಸ್‌ಎಂಎನ್1 ಎಣಿಕೆ 2 ಎಂದು ಬಂದರೂ ವಾಹಕರಲ್ಲ (ಕಾಯಿಲೆಯಿಲ್ಲದೆ ದೋಷವನ್ನಷ್ಟೇ ಹೊತ್ತವರಲ್ಲ) ಎಂದುಕೊಳ್ಳಬೇಡಿ. ಎರಡೂ ಪ್ರತಿಗಳು ಒಂದೇ ವರ್ಣತಂತುವಿನಲ್ಲಿದ್ದು ಇನ್ನೊಂದು ಖಾಲಿ ಇರಬಹುದು, ಎಂಎಲ್‌ಪಿಎಗೆ ಅದು ತಿಳಿಯದು. ಮುಂದಿನ ಗರ್ಭಕ್ಕೆ ಮುಂಚೆ ಜೆನೆಟಿಕ್ ಕೌನ್ಸೆಲರ್ ಹತ್ತಿರ ಇದನ್ನೇ ಎತ್ತಿ ಕೇಳಿ.